ಹಸ್ತರನೂ ಕಬ್ಬಿನ ಬಿಲ್ಲೂ

ಅಲಖನೂರ, ಚಹಾದಂಗಡಿ. ಕಾಕಾ ಮೊಬೈಲಿನ್ಯಾಗ 2018ರ ‘ತುಂಬಾಡ್’ ಸಿನಿಮಾ ಮುಗಿಸಿ ಆಕಳಿಸ್ಯಾರ.

“ಅಂಜಿಕಿ ಬಂತೇನ್ರಿ ಕಾಕಾ?”

“ಯಾತರ ಅಂಜಿಕಿಲೇ? ಅದರಾಗಿನ ದೆವ್ವ ಹಸ್ತರಗ ಹಿಟ್ಟಿನ ಗೊಂಬಿ ತೋರ್ಸಿದ್ರ ಬಂಗಾರದ ನಾಣ್ಯ ಉದುರತಾವ. ನಾ ಫ್ಯಾಕ್ಟರಿಗೆ ಟ್ರ್ಯಾಕ್ಟರ್‌ಗಟ್ಟಲೆ ಕಬ್ಬ ಕಳಸೀನಿ, ಬಿಲ್ಲ ಉದುರವಲ್ದು!”

“‘ಆಪ್ತಮಿತ್ರ’ರೆ?”

“2004ರಾಗ ನೋಡೀನಿ. ನಾಗವಲ್ಲಿ ಅಂತ ಅಂಜಿಸಿ, ಕಡೀಕ ಮನೋರೋಗ ಅಂದ್ರು. ರೊಕ್ಕ ದೆವ್ವಕ್ಕ ಕೊಟ್ಟಿದ್ದೆ, ಡಾಕ್ಟರಗಲ್ಲ. ಅದರಾಗ ಬರೂ ಹಾವ ಯಾರದಂತ ಇನ್ನೂ ಹೇಳಿಲ್ಲ.”

“‘ಕಾಂತಾರ’ದ ಕೂಗಿಗೆ?”

“ನಮ್ಮಾಕಿ ಹೊಲದಿಂದ ಕರದಂಗಿತ್ತು. ಎದ್ದ ನಿಂತೆ.”

“ನಿಮ್ಮನ್ನ ಅಂಜಸೂ ಸಿನಿಮಾನ ಇಲ್ಲ ಬಿಡ್ರಿ.”

“ರಾತ್ರಿ ಎರಡಕ್ಕ ತ್ರೀಫೇಸ್ ಬರತೈತಿ. ಆಳೆತ್ತರ ಕಬ್ಬಿನ್ಯಾಗ ನೀರ ಹಾಸಾಕ ಒಬ್ಬನ ಹೋಗ್ತಿಯೇನು?”

“ಬ್ಯಾಡ್ರೀ ಕಾಕಾ. ನನಗ ಹಾರರ್ ಆಗಿಬರಂಗಿಲ್ಲ.”