ದಾಖಲಾಗದ ಇಳಿಕೆ

(ತಮಿಳುನಾಡಿನ ನೈವೇಲಿ. ಲಿಗ್ನೈಟ್ ಗಣಿಯಂಚಿನ ಹೊಲ. ಮುಳ್ಳುತಂತಿಯೊಳಗೆ ಬೀಗ ಜಡಿದ ಕಬ್ಬಿಣದ ಪೈಪು.)

ರೈತ: ಸಾರ್, ಈ ಪೈಪಲ್ಲಿ ನೀರು ಬರುತ್ತಾ?

ಅಧಿಕಾರಿ: ಇದು ಪೀಜೋಮೀಟರ್ ಕಣಪ್ಪ. ನೀರಲ್ಲ, ಮಾಹಿತಿ ಬರುತ್ತೆ. ಅಂತರ್ಜಲ ಎಷ್ಟು ಇಳಿದಿದೆ ಅಂತ ತಾನೇ ಕಚೇರಿಗೆ ತಿಳಿಸುತ್ತೆ.

ರೈತ: ಅದನ್ನ ನಮ್ಮ ಬೋರ್‌ವೆಲ್ ಆಗಲೇ ತಿಳಿಸಿದೆ. ಬುಸ್ ಅಂತ ಗಾಳಿ ಬಿಟ್ಟು.

ಅಧಿಕಾರಿ: ಅದಕ್ಕೆ ಸರ್ಟಿಫಿಕೇಟ್ ಇದೆಯಾ?

ರೈತ: ಇಲ್ಲ. ಅದಿರಲಿ, ಗಣೀಲಿ ಹಗಲೂ ರಾತ್ರಿ ಪಂಪು ಹಾಕಿ ನೀರೆತ್ತೋದು ಯಾಕೆ ಸಾರ್?

ಅಧಿಕಾರಿ: ಲಿಗ್ನೈಟ್ ಪದರದ ಕೆಳಗೆ ನೀರು ಒತ್ತಡದಲ್ಲಿ ಕೂತಿದೆ. ಎತ್ತದಿದ್ರೆ ಗಣಿಯ ತಳ ಉಬ್ಬಿ, ಒಡೆದು, ಯಂತ್ರಗಳೆಲ್ಲ ಮುಳುಗುತ್ತವೆ. ಎತ್ತಿದ್ದು ವ್ಯರ್ಥವಾಗಲ್ಲ, ವಿದ್ಯುತ್ ಸ್ಥಾವರಕ್ಕೆ ಹೋಗುತ್ತೆ, ಚೆನ್ನೈಗೂ ಹೋಗುತ್ತೆ.

ರೈತ: ದಾರೀಲಿ ನಮ್ಮೂರು ಸಿಗಲ್ವಾ?

ಅಧಿಕಾರಿ: ಅದು ಬೇರೆ ಕಾಲಂ.

ರೈತ: 1930ರ ದಶಕದಲ್ಲಿ ಇಲ್ಲಿ ಯಾರೋ ನೀರಿಗೆ ಬಾವಿ ತೋಡಿದ್ರೆ ಕಪ್ಪು ಪುಡಿ ಬಂತಂತೆ. ಈಗ ಕಪ್ಪು ಪುಡಿಗೆ ತೋಡಿದ್ರೆ ನೀರು!

(ಅಧಿಕಾರಿ ನಗಲಿಲ್ಲ. ನಗುವಿಗೂ ಅವರ ನಮೂನೆಯಲ್ಲಿ ಜಾಗವಿರಲಿಲ್ಲ.)

ಅಧಿಕಾರಿ: ನೋಡು, ಮಳೆಗಾಲ ಮುಗಿದ ಮೇಲೆ ಅಳೆದಿದ್ದೀವಿ. ಮಟ್ಟ ಸೊಗಸಾಗಿದೆ.

ರೈತ: ಬೇಸಿಗೇಲಿ?

ಅಧಿಕಾರಿ: ಆಗ ನೀರು ಸೆನ್ಸರಿಗಿಂತ ಕೆಳಗೆ ಹೋಗಿತ್ತು. ಅಳೆಯೋಕಾಗಲಿಲ್ಲ.

ರೈತ: ಮತ್ತೆ ವರದೀಲಿ ಏನು ಬರೆದ್ರಿ?

ಅಧಿಕಾರಿ: 'ಇಳಿಕೆ ದಾಖಲಾಗಿಲ್ಲ.'