ಮೈಕ್ ಮಾವ

ಬಸವನಗುಡಿಯ ನಮ್ಮ ಮೈಕ್ ಮಾವನ ಮನೆಗೆ ವಾದ್ಯ ಹಿಡಿದುಕೊಂಡು ಹೋಗಬಾರದು. ಹೋದರೆ ಕಾಫಿ ಗ್ಯಾರಂಟಿ, ಬಿಡುಗಡೆ ಮಾತ್ರ ಇಲ್ಲ. ಮಗ ಅಮೆರಿಕಕ್ಕೆ ಹೋದಮೇಲೆ ಖಾಲಿಯಾದ ಕೋಣೆಯ ಗೋಡೆಗೆಲ್ಲ ಹಳೇ ಹಾಸಿಗೆ ಹೊಡೆದು ಸ್ಟುಡಿಯೋ ಮಾಡಿದ್ದಾರೆ. ಬ್ಯಾಂಕು ಕೊಟ್ಟ ಗ್ರಾಚ್ಯುಟಿಯಲ್ಲಿ ಒಂದು ಪಾಲು ಎಕೆಜಿ ಸಿ414 ಮೈಕಿಗೆ ಅರ್ಪಿತವಾಗಿದೆ. ನೀವು ಕೇಳದಿದ್ದರೂ ಹೇಳುತ್ತಾರೆ: ಮೂಲಸ್ಥಾನ ವಿಯೆನ್ನಾ, ವಂಶ ಶುರುವಾದದ್ದು 1971ರಲ್ಲಿ, ಸದ್ದು ಹಿಡಿಯುವ ದಿಕ್ಕು ಬದಲಿಸಲು ಒಂಬತ್ತು ಪ್ಯಾಟರ್ನ್, 48 ವೋಲ್ಟ್ ಫ್ಯಾಂಟಮ್ ಪವರ್. ಹೆಣ್ಣಿನ ಕಡೆಯವರು ಜಾತಕ ಕೊಡುವಾಗಲೂ ಇಷ್ಟು ವಿವರ ಇರುವುದಿಲ್ಲ.

"ಇದಕ್ಕೆ ಒಗ್ಗದ ವಾದ್ಯವೇ ಇಲ್ಲ" ಎಂಬುದು ಅವರ ವಾದ. ಅದನ್ನು ಸಾಧಿಸಲು ವಾದ್ಯದವರು ಬೇಕಲ್ಲ! ಮೊದಲು ಸಿಕ್ಕಿದ್ದು ಮೃದಂಗ ಕಲಿಯುವ ಪಕ್ಕದ ಮನೆ ಹುಡುಗ. ಮುಂದಿನದನ್ನಷ್ಟೇ ಕೇಳುವ ಕಾರ್ಡಿಯಾಯ್ಡ್‌ನಲ್ಲಿ ಮೈಕನ್ನು ಬಲಗಡೆ ಇಟ್ಟರೆ ಎಡಗಡೆಯ ತೊಪ್ಪಿ ಮುನಿಸಿಕೊಂಡಿತು. ಎಲ್ಲ ಕಡೆಯದನ್ನೂ ಕೇಳುವ ಓಮ್ನಿಗೆ ತಿರುಗಿಸಿದರೆ ಎರಡೂ ತಲೆ ಬಂದವು, ಜೊತೆಗೆ ಹಿಂದಿನ ಮನೆಯ ಮಿಕ್ಸಿಯೂ ಬಂತು. ಮಾವ ಸ್ಟ್ಯಾಂಡು ಏರಿಸಿ ಇಳಿಸುವಷ್ಟರಲ್ಲಿ ತೊಪ್ಪಿಗೆ ಮೆತ್ತಿದ ರವೆ ಒಣಗಿ ಉದುರಿತು. ಕೊಳಲಿನವರು ಮೈಕಿನ ನೆತ್ತಿಗೆ ಊದಿದಾಗ ಮಾವನ ಕಣ್ಣು ಕೆಂಪಾಯಿತು: "ಇದು ತಲೆಯಿಂದ ಕೇಳೋ ಮೈಕಲ್ಲ ಸ್ವಾಮಿ, ಎದೆಯಿಂದ ಕೇಳೋದು!" ಆಮೇಲೆ ಸ್ವಲ್ಪ ತಗ್ಗಿ, "ಉಸಿರಿನ ಸದ್ದಿಲ್ಲದೆ ಊದೋಕಾಗಲ್ವಾ?" ಎಂದೂ ಕೇಳಿದರು.

ವೀಣೆಯ ಟೀಚರಮ್ಮನ ತಾಳ್ಮೆ ಮಾತ್ರ ದೊಡ್ಡದು. ಮೈಕ್ ಹತ್ತಿರ ಬಂದರೆ ಮಂದ್ರ ಉಬ್ಬುತ್ತದೆ, ದೂರ ಸರಿದರೆ ಫ್ಯಾನು ಹಾಡುತ್ತದೆ. ಫ್ಯಾನ್ ಆರಿಸಿ, ಬೆವರುತ್ತಾ, ಕೊಡದ ಮುಂದೆ ಹೆಬ್ಬೆರಳಗಲ ಅತ್ತ, ಹೆಬ್ಬೆರಳಗಲ ಇತ್ತ. "ಶ್ರುತಿ ಇಳಿದಿದೆ, ಸರಿ ಮಾಡ್ಕೋತೀನಿ" ಎಂದರೆ, "ಇಳೀಲಿ ಬಿಡಿ, ನಾನು ಟೋನ್ ನೋಡ್ತಿದ್ದೀನಿ!" ಮಾವನ ಕಿವಿಯನ್ನು ಮಾತ್ರ ಹಗುರಾಗಿ ಕಾಣುವಂತಿಲ್ಲ. ಹೆಡ್‌ಫೋನ್‌ನಲ್ಲಿ ಅವರು ಕೇಳಿಸಿದ ತುಣುಕಿನಲ್ಲಿ ತಂತಿಗೆ ಉಗುರು ತಾಗುವುದು, ಮೆಟ್ಟಿಲ ಮೇಲೆ ಬೆರಳು ಜಾರುವುದು, ಎಲ್ಲವೂ ಸ್ಪಷ್ಟ. ಕೇಳುತ್ತಾ ನಾನೂ ಸುಮ್ಮನಾದೆ. ಅಷ್ಟರಲ್ಲೇ ಅದು ಮುಗಿಯಿತು. ಪಲ್ಲವಿ ದಾಟಿದ ಹಾಡು ಅವರ ಕಂಪ್ಯೂಟರಿನಲ್ಲಿ ಒಂದೂ ಇಲ್ಲ.

ಬಾಕಿ ಉಳಿದಿದ್ದ ನಾಗಸ್ವರ ಮೊನ್ನೆ ಅವರ ತಂಗಿ ಮಗಳ ಮದುವೆಯಲ್ಲಿ ದಕ್ಕಿತು. ರೇಷ್ಮೆ ಪಂಚೆ ಎತ್ತಿ ಕಟ್ಟಿ, ಓಲಗದವರ ಮುಂದೆ ಸ್ಟ್ಯಾಂಡ್ ನೆಟ್ಟು, ಮಾವ ಮಂಡಿಯೂರಿದರು. ಗಟ್ಟಿಮೇಳದ ಅಬ್ಬರಕ್ಕೆಂದು ಮೈನಸ್ 18 ಡೆಸಿಬೆಲ್ಲಿನ ಗುಂಡಿ ಮೊದಲೇ ಒತ್ತಿಟ್ಟುಕೊಂಡಿದ್ದರು. ಅಂತರಪಟ ಹಿಡಿದಾಯಿತು. ಪುರೋಹಿತರು ಮುಹೂರ್ತ ಮೀರುತ್ತದೆಂದು ಕೂಗತೊಡಗಿದರು: "ಸೋದರಮಾವ ಎಲ್ರೀ? ಹುಡುಗೀನ ಕರ್ಕೊಂಡು ಬನ್ರೀ!"

ಓಲಗದ ಗುಂಪಿನ ನಡುವಿನಿಂದ ಒಂದು ಕೈ ಮೇಲೆದ್ದಿತು.

"ಒಂದೇ ನಿಮಿಷ ಶಾಸ್ತ್ರಿಗಳೇ, ಇನ್ನೊಂದೇ ಪ್ಯಾಟರ್ನ್ ಬಾಕಿ!"