ಸರಾಸರಿ ಸೆಕೆ: ನಂದಿನಿ ಲೇಔಟಿನ ಇಂಗ್ಲಿಷ್ ಅರ್ಜಿಗಳ ಶಾಸ್ತ್ರೀಯ ವಿವೇಚನೆ

ನಂದಿನಿ ಲೇಔಟಿನ ನಿವಾಸಿ ಬೆವರುವುದು ಕನ್ನಡದಲ್ಲಿ, ಅರ್ಜಿ ಬರೆಯುವುದು ಇಂಗ್ಲಿಷಿನಲ್ಲಿ. ಕರೆಂಟು ಹೋದದ್ದಕ್ಕೆ, ನೀರು ಬಾರದ್ದಕ್ಕೆ, ಮರ ಕಡಿದದ್ದಕ್ಕೆ ಬರೆದ ಅರ್ಜಿಗಳಲ್ಲೆಲ್ಲ ಎರಡನೆಯ ವಾಕ್ಯ ಒಂದೇ: ‘ದಿ ಆವರೇಜ್ ಟೆಂಪರೇಚರ್ ಈಸ್ ವೆರಿ ಹಾಟ್’. ಈ ವಾಕ್ಯವನ್ನು ಯಾವ ಮೀಮಾಂಸಕನೂ ಮುಟ್ಟಿದಂತಿಲ್ಲ. ಕೈ ಸುಟ್ಟೀತೆಂಬ ಭಯವಿರಬೇಕು.

ಪೂರ್ವಪಕ್ಷ: ಬಿಸಿ ಇದೆ, ಹಾಟ್ ಅಂದರೇನು ತಪ್ಪು? ಸಿದ್ಧಾಂತ: ಕಾಫಿ ಹಾಟ್ ಆದೀತು, ಟೆರೇಸೂ ಆದೀತು, ಟೆಂಪರೇಚರ್ ಎಂಬುದು ಅಂಕಿ, ಅದು ‘ಹೈ’ ಅಥವಾ ‘ಲೋ’ ಮಾತ್ರ. ತನ್ನ ಬಿಪಿಯ ವಿಷಯದಲ್ಲಿ ಇದೇ ಬಡಾವಣೆ ಈ ನಿಯಮವನ್ನು ಎಂದೂ ಮೀರಿದ್ದಿಲ್ಲ.

ಇನ್ನು ‘ಆವರೇಜ್’. ಹವಾಮಾನ ಇಲಾಖೆಯ ಲೆಕ್ಕದಲ್ಲಿ ದಿನದ ಸರಾಸರಿ ಎಂದರೆ ಗರಿಷ್ಠ ಮತ್ತು ಕನಿಷ್ಠ ಕೂಡಿಸಿ ಅರ್ಧ ಮಾಡಿದ್ದು. ಬೆಂಗಳೂರಿನ ಏಪ್ರಿಲ್‌ನಲ್ಲಿ ಗರಿಷ್ಠ ಸುಮಾರು 34, ಕನಿಷ್ಠ ಸುಮಾರು 22. ಅರ್ಧ ಮಾಡಿದರೆ 28. ಇಪ್ಪತ್ತೆಂಟು ಡಿಗ್ರಿಗೆ ಯಾವ ಇಂಜಿನಿಯರ್ ಓಡಿ ಬಂದಾನು? ಬೆಳಗಿನ ಜಾವದ ತಂಪನ್ನೂ ಸೇರಿಸಿಕೊಂಡು ದೂರು ಕೊಡುವುದು ನಮ್ಮವರ ದೊಡ್ಡ ಗುಣವೇ, ಆದರೆ ಅರ್ಜಿ ಅಲ್ಲಿಗೇ ತಣ್ಣಗಾಗುತ್ತದೆ. ಆದ್ದರಿಂದ ‘ಆವರೇಜ್ ಮ್ಯಾಕ್ಸಿಮಮ್’ ಎಂದೇ ಬರೆಯತಕ್ಕದ್ದು.

ಸರಾಸರಿಯ ಮಹಿಮೆ ಇಷ್ಟಕ್ಕೇ ಮುಗಿಯದು. 1884ರ ಜನವರಿ 13ರಂದು ಬೆಂಗಳೂರು 7.8ಕ್ಕೆ ಇಳಿದಿತ್ತು, 2016ರ ಏಪ್ರಿಲ್ 24ರಂದು 39.2ಕ್ಕೆ ಏರಿತ್ತು. ಇವೆರಡರ ಸರಾಸರಿ ಸರಿಯಾಗಿ 23.5. ಫ್ಯಾನೂ ಬೇಡ, ಸ್ವೆಟರೂ ಬೇಡ. ‘ಬೆಂಗಳೂರು ಏರ್‌ಕಂಡೀಷನ್ಡ್ ಸಿಟಿ’ ಎನ್ನುವವರು ಸುಳ್ಳಾಡುತ್ತಿಲ್ಲ, 132 ವರ್ಷದ ಅಂತರದಲ್ಲಿ ಒಟ್ಟಿಗೆ ಬದುಕುತ್ತಿದ್ದಾರೆ, ಅಷ್ಟೆ.

ಅಧಿಕರಣ ಭೇದವೂ ಉಂಟು. ಪತ್ರಿಕೆಯಲ್ಲಿ ಬರುವ ಅಂಕಿ ಅರಮನೆ ರಸ್ತೆಯ ವೀಕ್ಷಣಾಲಯದ್ದು. ಅಲ್ಲಿನ ಉಷ್ಣಮಾಪಕ ಇರುವುದು ಸ್ಟೀವನ್ಸನ್ ಪೆಟ್ಟಿಗೆಯಲ್ಲಿ: ಬಿಳಿ ಬಣ್ಣ, ಗಾಳಿಯಾಡುವ ಪಟ್ಟಿಗಳು, ನೆಲದಿಂದ ಸುಮಾರು ನಾಲ್ಕಡಿ ಎತ್ತರ, ಒಳಗೆಲ್ಲ ನೆರಳು. ನಂದಿನಿ ಲೇಔಟಿನಲ್ಲಿ ಮೂರನೇ ಮಹಡಿಯ ಶೀಟ್ ಮನೆಯಲ್ಲಿ ಬಾಡಿಗೆಗಿರುವವರು ‘ನಾರ್ಮಲ್ ಟೆಂಪರೇಚರ್’ ಅನುಭವಿಸಬೇಕೆಂದರೆ ಆ ಪೆಟ್ಟಿಗೆಗೇ ಅಡ್ವಾನ್ಸ್ ಕೊಡಬೇಕು.

ಎಲ್ಲಕ್ಕಿಂತ ಕ್ಲಿಷ್ಟವಾದದ್ದು ‘ಅಬೋವ್ ನಾರ್ಮಲ್’ ಪ್ರಕರಣ. ನಾರ್ಮಲ್ ಎಂದರೆ ಮೂವತ್ತು ವರ್ಷದ ಸರಾಸರಿ, ಸದ್ಯಕ್ಕೆ 1991ರಿಂದ 2020ರದ್ದು. ಕುರುಬರಹಳ್ಳಿ ಕಡೆಯ ಒಬ್ಬ ತಾಯಿ ನ್ಯೂಜೆರ್ಸಿಯ ಮಗನಿಗೆ ‘ಟೂ ಡಿಗ್ರೀಸ್ ಅಬೋವ್ ನಾರ್ಮಲ್’ ಎಂದು ಬರೆದರೆನ್ನಿ. ಮಗ ಫೋನಿನಲ್ಲಿ 2 ಸೆಲ್ಸಿಯಸ್ ಒತ್ತುತ್ತಾನೆ, 35.6 ಫ್ಯಾರನ್‌ಹೀಟ್ ಬರುತ್ತದೆ. ‘ಅಯ್ಯೋ ಅಮ್ಮ, ಅಷ್ಟೊಂದು ಚಳೀನಾ? ಮಂಕಿ ಕ್ಯಾಪ್ ಹಾಕ್ಕೋ.’ ಅಮ್ಮ ಆಗ ಮಜ್ಜಿಗೆ ಲೋಟ ಕೈಲಿ ಹಿಡಿದಿರುತ್ತಾರೆ. ಶಾಸ್ತ್ರ ಹೇಳುವುದೇನೆಂದರೆ, ಅಳತೆಗೆ 32 ಕೂಡಿಸಬೇಕು, ಏರಿಕೆಗೆ ಕೂಡಿಸಬಾರದು; 2 ಸೆಲ್ಸಿಯಸ್ ಏರಿಕೆ ಎಂದರೆ 3.6 ಫ್ಯಾರನ್‌ಹೀಟ್ ಏರಿಕೆ. ಮಗ ಇಂಜಿನಿಯರ್ ಆದ್ದರಿಂದ ಇದನ್ನು ಒಪ್ಪಲು ಕಾಲ ಹಿಡಿಯುತ್ತದೆ.

‘ಟ್ವೈಸ್ ಆ್ಯಸ್ ಹಾಟ್’ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 15 ಇದ್ದದ್ದು 30 ಆದರೆ ದುಪ್ಪಟ್ಟಲ್ಲ. ಫ್ಯಾರನ್‌ಹೀಟಿನಲ್ಲಿ ಅದೇ 59 ಮತ್ತು 86. ದುಪ್ಪಟ್ಟಾಗುವುದು ಎಳನೀರಿನ ರೇಟು ಮಾತ್ರ.

ಕಡೆಯದಾಗಿ ‘ಹೀಟ್ ವೇವ್’. ಇಲಾಖೆಯ ಬಯಲುನಾಡಿನ ಅಳತೆಗೋಲಿನಲ್ಲಿ ಈ ಪದಕ್ಕೆ ಗರಿಷ್ಠ ತಾಪ 40 ಮುಟ್ಟಬೇಕು, ಜೊತೆಗೆ ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿರಬೇಕು. 2016ರ ಆ ಭಾನುವಾರ ಎರಡನೆಯ ಷರತ್ತು ದಾಟಿತು, ಮೊದಲನೆಯದು ದಾಟಲಿಲ್ಲ. ಅಂದು ಒದ್ದೆ ಟವೆಲ್ ಹೊದ್ದು ಮಲಗಿ ‘ಹೀಟ್ ವೇವ್’ ಎಂದು ಬರೆದವರೆಲ್ಲ ಶಾಸ್ತ್ರದ ಪ್ರಕಾರ 0.8 ಡಿಗ್ರಿ ಅವಸರಪಟ್ಟವರು.